ಜ್ವರ ಬರುತ್ತದೆ ಎಂದು ಮೊದಲೇ ಹೇಳಿ

ನನ್ನ ನೌಕರಿ ಏನೆಂಬುದು ನಮ್ಮ ಅತ್ತೆಯವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

“ನೀ ನರ್ಸ್ ಅಲ್ಲ, ಡಾಕ್ಟರ್ ಅಲ್ಲ, ಸಾಲಿ ಅಕ್ಕೋರೂ ಅಲ್ಲ. ಮತ್ತ ಸರಕಾರ ನಿನಗ ಪಗಾರ ಯಾತಕ್ಕ ಕೊಡ್ತದ?” ಎಂದು ಕೇಳುತ್ತಿದ್ದರು.

“ಮಾತಾಡಾಕ ಕೊಡ್ತದ್ರಿ ಅತ್ತಿ” ಎಂದರೆ, “ಮನ್ಯಾಗ ಬಾಯಿ ಬಿಡಂಗಿಲ್ಲ, ಊರ ಮಂದಿ ಮುಂದ ಏನ್ ಮಾತಾಡ್ತಿಯವ್ವಾ ನೀನು” ಎಂದು ತಲೆಯಾಡಿಸುತ್ತಿದ್ದರು.

ನಾನು ಆರೋಗ್ಯ ಶಿಕ್ಷಣಾಧಿಕಾರಿಯಾಗಿ ಮೊದಲು ದೇವದುರ್ಗದಲ್ಲಿ, ಆಮೇಲೆ ಮಾನ್ವಿಯಲ್ಲಿ, ಕೊನೆಗೆ ರಾಯಚೂರಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಮಕ್ಕಳಿಗೆ ಸೂಜಿ ಹಾಕುವವರು ನರ್ಸಮ್ಮನವರು. ಆ ಸೂಜಿ ಯಾಕೆ ಎಂದು ತಾಯಂದಿರಿಗೆ, ಅಜ್ಜಿಯರಿಗೆ, ಮನೆಯ ಯಜಮಾನರಿಗೆ ತಿಳಿಸಿ ಹೇಳುವುದು ನನ್ನ ಪಾಲಿನ ಕೆಲಸ. ಈಗ ರಾಯಚೂರಿನ ಮನೆಯಲ್ಲಿ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ ಕೂತರೆ, ಹೊಸದಾಗಿ ಇಲಾಖೆಗೆ ಸೇರಿದ ಹುಡುಗಿಯರು ಆಗಾಗ ಬಂದು, “ಮೇಡಂ, ಹಳ್ಳ್ಯಾಗ ಮಂದಿ ಮಾತೇ ಕೇಳಂಗಿಲ್ಲ, ಏನ್ ಮಾಡೂದ್ರಿ?” ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದರಿಂದ ಅವರಿಗೆ ಏನೂ ಪ್ರಯೋಜನವಿಲ್ಲ, ಅದನ್ನು ಬಿಟ್ಟಿದ್ದೇನೆ.

ದೇವದುರ್ಗಕ್ಕೆ ಬಂದ ಹೊಸದರಲ್ಲಿ ನನ್ನ ಬಾಯಲ್ಲಿ ತರಬೇತಿಯ ಕನ್ನಡವೇ ತುಂಬಿತ್ತು. ಸಂತೆಯ ದಿನ ಆಟೋಕ್ಕೆ ಮೈಕು ಕಟ್ಟಿಸಿಕೊಂಡು ನಿಂತು, “ಮಾತೆಯರೇ, ಲಸಿಕೆಯು ಶಿಶುವಿನ ದೇಹದಲ್ಲಿ ರೋಗನಿರೋಧಕ ಶಕ್ತಿಯನ್ನು ಉತ್ಪಾದಿಸಿ ಸಾಂಕ್ರಾಮಿಕ ರೋಗಗಳಿಂದ ರಕ್ಷಿಸುತ್ತದೆ” ಎಂದು ಓದಿದೆ. ಎದುರಿಗೆ ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಗಸು ಬಹಳ ಗಮನ ಕೊಟ್ಟು ಕೇಳಿದಳು. ನನಗೂ ಹುರುಪು ಬಂತು. ಎರಡನೇ ಸಲ ಓದಿ ಮುಗಿಸುವಾಗ ಅವಳು ಪಕ್ಕದವಳಿಗೆ, “ಶಕ್ತಿ ಅಂತಾಳ. ಟಾನಿಕ್ ಇರಬೇಕು. ಬಾಟ್ಲಿ ಎಷ್ಟಂತ ಕೇಳು” ಎಂದಳು. ಅಷ್ಟರಲ್ಲಿ ಒಬ್ಬ ಮುದುಕರು ಆಟೋದ ಹತ್ತಿರ ಬಂದು, “ಯವ್ವಾ, ನಮ್ಮಂಥ ವಯಸ್ಸಾದವರಿಗೂ ಕೊಡ್ತೀರೇನು ಆ ಶಕ್ತೀದು?” ಎಂದು ಕೈ ಚಾಚಿದರು.

ನಮ್ಮ ತಾಲ್ಲೂಕು ಆರೋಗ್ಯಾಧಿಕಾರಿಯಾಗಿದ್ದವರು ಡಾಕ್ಟರ್ ನಾಗವೇಣಿ. ಸಣ್ಣ ಮೈಕಟ್ಟಿನ, ದೊಡ್ಡ ದನಿಯ ಹೆಂಗಸು, ಇದೇ ಸೀಮೆಯವರು. ಸಂತೆಯಲ್ಲಿ ನಡೆದದ್ದನ್ನು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ನನ್ನ ಕೈಯಲ್ಲಿದ್ದ ಭಾಷಣದ ಹಾಳೆ ಇಸಿದುಕೊಂಡು ಟೇಬಲ್ಲಿನ ಖಾನೆಯೊಳಗೆ ಹಾಕಿದರು.

“ಶಾಂತಾ, ನಾಳೆ ಗಬ್ಬೂರಿಗೆ ಹೋಗು. ಒಂದು ವಾರ ಏನೂ ಹೇಳಬ್ಯಾಡ. ಹೆಣ್ಣುಮಕ್ಕಳು ಏನ್ ಅಂತಾರ, ಅದನ್ನಷ್ಟು ಕೇಳ್ಕೊಂಡು ಬಾ” ಎಂದರು.

ಮಾತಾಡುವುದಕ್ಕೆಂದು ನೇಮಕವಾದವಳಿಗೆ ಮಾತಾಡಬೇಡ ಎಂದ ಆ ಅಪ್ಪಣೆ ನನಗೆ ಸ್ವಲ್ಪ ಅವಮಾನವೆನಿಸಿತು. ಆದರೂ ಹೋದೆ. ದಿನವೂ ಬೆಳಿಗ್ಗೆ ಬಸ್ಸಿಗೆ ಗಬ್ಬೂರಿಗೆ ಹೋಗಿ, ಹೆಂಗಸರು ಹತ್ತಿ ಬಿಡಿಸುವಲ್ಲಿ, ಜೋಳ ಹಸನು ಮಾಡುವಲ್ಲಿ ಕೂತು ಕೇಳಿಸಿಕೊಂಡೆ. ಎಲ್ಲರ ಮಾತೂ ಸುತ್ತಿ ಬಂದು ಒಂದೇ ಪ್ರಶ್ನೆಗೆ ನಿಲ್ಲುತ್ತಿತ್ತು. ಬೇನೆ ಬಂದವರಿಗೆ ಸೂಜಿ ಹಾಕುವುದು ಸರಿ, ಆರಾಮಾಗಿ ಆಡುತ್ತಿರುವ ಕೂಸಿಗೆ ಯಾಕೆ? ನನ್ನ ಇಡೀ ತರಬೇತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅದನ್ನು ಎಲ್ಲರಿಗಿಂತ ಜೋರಾಗಿ ಕೇಳಿದವಳು ಹುಲಿಗೆಮ್ಮ. ನಲವತ್ತೈದರ ಆಸುಪಾಸಿನ, ಗಂಡನಿಲ್ಲದ, ಸ್ವಂತ ಎತ್ತು ಕಟ್ಟಿ ಹೊಲ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಮಗನಿಗೆ ಆಗತಾನೆ ಗಂಡು ಕೂಸು ಹುಟ್ಟಿತ್ತು. ಅವಳ ಮನೆಯ ಮುಂದೆ ಕಟ್ಟಿದ್ದ ಎತ್ತುಗಳನ್ನು ನೋಡಿ ಸುಮ್ಮನೆ ಕೇಳಿದೆ.

“ಎತ್ತಿಗಿ ಗಂಟಲು ಬ್ಯಾನಿದು ಸೂಜಿ ಹಾಕಸ್ತಿಯೇನು ಹುಲಿಗೆಮ್ಮಾ?”

“ಹಾಕಸ್ತೀನಲ್ಲ. ಮಳಿ ಸುರುವಾಗೂದಕ್ಕ ಮದ್ಲ ಹಾಕಸ್ತೀನಿ.”

“ಬ್ಯಾನಿ ಬಂದಿರ್ತದೇನು ಆವಾಗ?”

“ಬಂದ ಮ್ಯಾಲ ಹಾಕಿಸಿ ಏನ್ ಮಾಡೂದು? ಎತ್ತು ಹೋಗೇ ಬಿಡ್ತದ.” ಹೇಳಿದವಳು ಎತ್ತಿನಿಂದ ಕಣ್ಣು ತೆಗೆದು ಒಳಗಿನ ತೊಟ್ಟಿಲ ಕಡೆ ನೋಡಿದಳು. ಆಮೇಲೆ ನಕ್ಕು, “ಹಂಗಾರ ಕೂಸಿಗೂ ಮದ್ಲ ಹಾಕಬೇಕನ್ನು” ಎಂದಳು.

ನನ್ನ ನೌಕರಿಯಲ್ಲಿ ಮೊದಲ ಸಲ ಒಬ್ಬರಿಗೆ ವಿಷಯ ಮುಟ್ಟಿತ್ತು, ಅದೂ ನಾನು ಹೇಳಿದ್ದರಿಂದ ಅಲ್ಲ. ಮುಂದಿನ ಸೂಜಿಯ ದಿನ ಹುಲಿಗೆಮ್ಮ ಮೊಮ್ಮಗನನ್ನು ಎತ್ತಿಕೊಂಡು ಅಂಗನವಾಡಿಗೆ ಬಂದಳು. ಓಣಿಯ ಹೆಂಗಸರನ್ನೂ ಕರೆತಂದಿದ್ದಳು. ಆಗ ಕೊಡುತ್ತಿದ್ದದ್ದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಈ ಮೂರಕ್ಕೂ ಸೇರಿದ ಒಂದೇ ಸೂಜಿ. ಕೂಸಿನ ತೊಡೆಗೆ ಸೂಜಿ ಹಾಕುವಾಗ ಹುಲಿಗೆಮ್ಮನ ಮುಖ ಕಂದಿದ್ದನ್ನು ನೋಡಿ, ಸಮಾಧಾನಕ್ಕೆಂದು ನಾನು, “ಏನೂ ಆಗಂಗಿಲ್ಲ, ಅಂಜಬ್ಯಾಡ” ಎಂದೆ. ನಾವೆಲ್ಲ ಹಾಗೆ ಹೇಳುವುದು ರೂಢಿಯಾಗಿತ್ತು. ಹಾಗೆ ಹೇಳದಿದ್ದರೆ ತಾಯಂದಿರು ಎದ್ದು ಹೋಗುತ್ತಾರೆ ಎಂದೇ ನಮ್ಮ ತಿಳಿವಳಿಕೆ.

ಮರುತಿಂಗಳು ಅಂಗನವಾಡಿಗೆ ಒಬ್ಬಳೂ ಬರಲಿಲ್ಲ. ನರ್ಸಮ್ಮ ಲಸಿಕೆಯ ಐಸ್ ಡಬ್ಬಿ ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದು ಎದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹುಲಿಗೆಮ್ಮ ಸಿಕ್ಕಳು. ನನ್ನನ್ನು ನೋಡಿಯೂ ನೋಡದಂತೆ ಹೋಗುವವಳನ್ನು ನಾನೇ ನಿಲ್ಲಿಸಿದೆ.

“ಏನೂ ಆಗಂಗಿಲ್ಲ ಅಂದಿ” ಎಂದಳು. “ಕೂಸಿನ ಮೈ ಹಂಚಿನಂಗ ಸುಡ್ತಿತ್ತು. ತೊಡಿ ಬಾತಿತ್ತು. ಅತ್ತು ಅತ್ತು ದನಿ ಬಿದ್ದು ಹೋತು. ನನ್ನ ಸೊಸಿ ನನಗ ಹೆಂಗ ನೋಡಿದ್ಲು ಗೊತ್ತದೇನು? ನಿನ್ನ ಮಾತು ಕೇಳಿ ನಾ ಮನ್ಯಾಗ ಕೆಟ್ಟಾಕಿ ಆದೆ.”

ಕೂಸು ಈಗ ಹೇಗಿದೆ ಎಂದು ಕೇಳಿದೆ. ಎರಡೇ ದಿನಕ್ಕೆ ಆರಾಮಾಗಿ ಆಡುತ್ತಿದೆಯಂತೆ. ಆದರೆ ಸಿಟ್ಟು ಇಳಿದಿರಲಿಲ್ಲ. ನಾನು ದೇವದುರ್ಗಕ್ಕೆ ಹೋಗಿ ಡಾಕ್ಟರ್ ನಾಗವೇಣಿಯವರಿಗೆ ಹೇಳಿದೆ. ಅವರು ಬೈಯಲಿಲ್ಲ. ಮರುದಿನ ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ನೇರ ಹುಲಿಗೆಮ್ಮನ ಮನೆಗೇ ಬಂದರು. ಓಣಿಯ ಹೆಂಗಸರೂ ನೆರೆದರು. ಡಾಕ್ಟರು ಕಟ್ಟೆಯ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು.

“ಜ್ವರ ಬರ್ತದ ಅಂತ ನಿಮಗ ಮದ್ಲ ಹೇಳಬೇಕಿತ್ತು. ಹೇಳಲಿಲ್ಲ. ಅದು ನಮ್ದು ತಪ್ಪು” ಎಂದರು. ಇಷ್ಟು ದೊಡ್ಡ ಡಾಕ್ಟರು ಹೀಗೆನ್ನುತ್ತಾರೆಂದು ಯಾರೂ ಎಣಿಸಿರಲಿಲ್ಲ. ಹುಲಿಗೆಮ್ಮನೇ ಮೆತ್ತಗಾಗಿ, “ಅಲ್ರಿ ಬಾಯಾರ, ಜ್ವರ ಯಾಕ ಬರಬೇಕು?” ಎಂದಳು.

“ಸೂಜ್ಯಾಗಿರೋದು ಸತ್ತ ರೋಗದ ಹುಳಾ, ಮತ್ತ ಸೊಕ್ಕು ಮುರದ ರೋಗದ ವಿಷ. ಅದು ಕೂಸಿಗಿ ರೋಗ ತರಂಗಿಲ್ಲ. ಆದರ ಸತ್ತದ್ದು ಅಂತ ಕೂಸಿನ ಮೈಗಿ ಏನ್ ಗೊತ್ತು? ಯಾರೋ ಮನಿ ಹೊಕ್ಕರು ಅಂತ ಮೈ ಎದ್ದು ನಿಂದರ್ತದ. ಹಂಗ ಎದ್ದು ನಿಂತಾಗ ಮೈ ಬಿಸಿ ಆಗ್ತದ, ಅದ ಜ್ವರ. ಎಲ್ಲಾ ಕೂಸಿಗೂ ಬರ್ತದಂತಿಲ್ಲ, ಬಂದರ ಅಂಜೂದಿಲ್ಲ. ಒಂದೆರಡು ದಿನಕ್ಕ ಇಳಿತದ. ಇಳಿದ ಮ್ಯಾಲೂ ಮೈಗಿ ಆ ಗುರ್ತು ಉಳಿತದ. ಮುಂದ ಖರೆ ರೋಗ ಬಂದಾಗ ಬಾಗಲದಾಗ ಹಿಡಿತದ.”

ಹುಲಿಗೆಮ್ಮ ಇದನ್ನು ತನ್ನ ತಲೆಯಲ್ಲಿ ಹೊರಳಿಸಿ ನೋಡಿದಳು. “ಹಿಂಗಂತ ಮದ್ಲ ಹೇಳಿದ್ರ ನಾ ಯಾಕ ಸಿಟ್ಟಿಗೇಳ್ತಿದ್ದೆ? ತಣ್ಣನ ಬಟ್ಟಿ ಹಾಕ್ಕೊಂತ ಕುಂದರ್ತಿದ್ದೆ. ನೀವು ಏನೂ ಆಗಂಗಿಲ್ಲ ಅಂದ್ರಿ, ಕೂಸಿಗಿ ಜ್ವರ ಬಂತು. ಕೂಸು ಕೈ ಬಿಡ್ತದ ಅಂತ ತಿಳಕೊಂಡೆ ನಾನು.”

ವಾಪಸು ಬರುವಾಗ ಡಾಕ್ಟರು ನನಗೆ ಹೇಳಿದ ಮಾತು ಒಂದೇ. “ಇನ್ನ ಮ್ಯಾಲ ಏನೂ ಆಗಂಗಿಲ್ಲ ಅನ್ನೂದು ಬಿಡು. ಏನಾಗ್ತದ ಅದನ್ನ ಹೇಳು.”

ಅಂದಿನಿಂದ ಹಾಗೇ ಮಾಡಿದೆ. ಸೂಜಿಗೆ ಮೊದಲು ತಾಯಿಯ ಪಕ್ಕ ಕೂತು, ಜ್ವರ ಬರಬಹುದು, ಸೂಜಿ ಹಾಕಿದ ಜಾಗ ಬಾಯಬಹುದು, ತಣ್ಣೀರಿನ ಬಟ್ಟೆ ಇಡು, ಅರಿಶಿನ ಪರಿಶಿನ ಹಚ್ಚಿ ತಿಕ್ಕಬೇಡ, ಈ ಔಷಧವನ್ನು ಇಷ್ಟೇ ಕುಡಿಸು, ಎರಡು ದಿನದ ಮೇಲೂ ಜ್ವರ ಇಳಿಯದಿದ್ದರೆ, ಕೂಸು ಮಂಕಾದರೆ, ಮೈ ಸೆಟೆದರೆ ತಡ ಮಾಡದೆ ಬಾ ಎಂದು ಹೇಳತೊಡಗಿದೆ. ಇಷ್ಟು ಕೇಳಿ ಎದ್ದು ಹೋದ ತಾಯಿಯನ್ನು ನಾನು ಹೆಚ್ಚು ನೋಡಿಲ್ಲ. ಮರುದಿನ ಆ ಮನೆಗೆ ಹೋಗಿ ಕೂಸು ನೋಡಿಕೊಂಡು ಬರುವುದನ್ನೂ ರೂಢಿ ಮಾಡಿಕೊಂಡೆ. ಗಬ್ಬೂರಿನ ಅಂಗನವಾಡಿ ಮತ್ತೆ ತುಂಬಿತು.

ಆ ಮಾತಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಕೆಲವು ವರ್ಷಗಳ ಮೇಲೆ, ಅರಕೇರಾ ಕಡೆಯ ಒಂದು ದೊಡ್ಡಿಯಲ್ಲಿ. ಹೊಲಗಳ ನಡುವೆ ಒಂದಿಷ್ಟು ಮನೆಗಳಿರುವ ಸಣ್ಣ ವಸತಿಗೆ ನಮ್ಮಲ್ಲಿ ದೊಡ್ಡಿ ಎನ್ನುತ್ತಾರೆ. ಅಲ್ಲಿಯ ಜನ ಸುಗ್ಗಿ ಮುಗಿದ ಮೇಲೆ ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ, ಮಳೆ ಹಿಡಿಯುವ ಹೊತ್ತಿಗೆ ವಾಪಸು ಬರುತ್ತಿದ್ದರು. ಆ ವರ್ಷ ಹಾಗೆ ಬಂದವರಲ್ಲಿ ಒಂದು ಮನೆಯ ಹುಡುಗನಿಗೆ ಗಂಟಲು ನೋವು ಬಂದು ಕುತ್ತಿಗೆ ಬಾತಿತು. ಗದ್ದಬಾವು ಇರಬೇಕೆಂದು ಮನೆಯವರು ಪಟ್ಟು ಹಾಕಿ ಮಲಗಿಸಿದ್ದರು. ನಮಗೆ ಸುದ್ದಿ ಮುಟ್ಟುವ ಮೊದಲೇ ಹುಡುಗ ಉಸಿರು ಕಟ್ಟಿ ತೀರಿಕೊಂಡ. ಅವನಿಗೆ ಒಂದೂ ಸೂಜಿ ಆಗಿರಲಿಲ್ಲ.

ನಾವು ಹೋದಾಗ ಪಕ್ಕದ ಮನೆಯ ಮಾರೆಪ್ಪನ ಮಗಳು ರಂಗಮ್ಮ ಚಾಪೆಯ ಮೇಲೆ ಮಲಗಿದ್ದಳು. ಏಳು ವರ್ಷದ ಹುಡುಗಿ. ಮಾತಾಡಿದರೆ ಮೂಗಿನಲ್ಲಿ ದನಿ. ಡಾಕ್ಟರ್ ನಾಗವೇಣಿ ಬ್ಯಾಟರಿ ಬಿಟ್ಟು ಗಂಟಲು ನೋಡಿದರು. ಒಳಗೆ ಬೂದುಬಣ್ಣದ ಪೊರೆ ಕಟ್ಟಿತ್ತು. ಅವರು ಹುಡುಗಿಯನ್ನು ತಾವೇ ಎತ್ತಿಕೊಂಡು ಜೀಪಿನ ಕಡೆ ನಡೆದರು. ರಂಗಮ್ಮನ ತಾಯಿ ಹಿಂದೆಯೇ ಓಡಿದಳು.

“ಗಂಟಲುಮಾರಿ. ನಾ ರಾಯಚೂರಿಗಿ ಹೋಗ್ತೀನಿ. ನೀನು ಇಲ್ಲೇ ಇರು. ಇವತ್ತು ಈ ದೊಡ್ಡ್ಯಾಗಿನ ಎಲ್ಲಾ ಮಕ್ಕಳಿಗೂ ಸೂಜಿ, ಗುಳಿಗಿ ಆಗಬೇಕು” ಎಂದು ನನಗೆ ಹೇಳಿ ಜೀಪು ಹತ್ತಿದರು.

ನಾನು, ನರ್ಸಮ್ಮ ಇಬ್ಬರೇ ಉಳಿದೆವು. ಐಸ್ ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ಜನ ಸುತ್ತ ನಿಂತರು. ಎಲ್ಲರ ಮುಂದೆ ಮಾರೆಪ್ಪ. ಜಗಳಕ್ಕೆ ಬಂದವನಲ್ಲ. ಮಗಳು ಜೀಪಿನಲ್ಲಿ ಹೋದ ದಾರಿಯನ್ನೇ ನೋಡುತ್ತ ಕೇಳಿದ.

“ಅಕ್ಕೋರ, ರಂಗಮ್ಮ ಸಣ್ಣಾಕಿದ್ದಾಗ ಮೂರೂ ಸೂಜಿ ಹಾಕಿಸೀನಿ. ನಾನೇ ಹೆಗಲ ಮ್ಯಾಲ ಹೊತ್ಕೊಂಡು ಹೋಗಿದ್ದೆ. ಆದರೂ ಯಾಕ ಬಂತು?”

ಹಿಂದಿನಿಂದ ಯಾರೋ, “ಹಾಕಿಸಿದ್ರೂ ಬರ್ತದಂದ್ರ ಮತ್ಯಾಕ ಹಾಕಸಬೇಕು?” ಎಂದರು. ಆ ಮಾತಿಗೆ ಎಲ್ಲರೂ ಹೂಂಗುಟ್ಟಿದರು. ಡಾಕ್ಟರು ಇದ್ದಿದ್ದರೆ ಅವರ ಮುಖ ನೋಡುತ್ತಿದ್ದೆ. ಈಗ ನಾನೇ ಉತ್ತರ ಹೇಳಬೇಕಿತ್ತು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

“ಮಾರೆಪ್ಪಾ, ಒಂದೂವರಿ ವರ್ಷಕ್ಕೊಂದು, ಸಾಲಿಗಿ ಹಾಕೋ ವಯಸ್ಸಿಗೊಂದು ಸೂಜಿ ಇರ್ತದ. ಅವು ಆಗ್ಯಾವೇನು?”

“ಇಲ್ಲ. ಆವಾಗ ಬೆಂಗಳೂರಾಗ ಇದ್ವಿ.”

“ನೀ ಸಾಲಿ ಕಲ್ತೀಯೇನು?”

ಇದೇನು ಪ್ರಶ್ನೆ ಎಂಬಂತೆ ನೋಡಿದ. “ನಾಲ್ಕನೆತ್ತ ಕಲ್ತೀನಿ.”

“ಹದಿಮೂರರ ಮಗ್ಗಿ ಹೇಳು ನೋಡೂಣು.”

ಅವನು ಬಾಯಿ ತೆರೆದು ಹದಿಮೂರು, ಇಪ್ಪತ್ತಾರು ಎಂದು ಅಲ್ಲಿಗೇ ನಿಂತ. “ಬರ್ತಿತ್ರಿ. ಈಗ ಬಿಟ್ಟು ಭಾಳ ದಿನಾತು.”

“ಮೈನೂ ಹಂಗ. ಕೂಸಿದ್ದಾಗ ಕಲಿಸಿದ್ದು ಖರೆ. ನಡುವ ಒಂದೆರಡು ಸಲ ಮತ್ತ ಓದಸಬೇಕು. ಇಲ್ಲಂದ್ರ ಮರೀತದ. ರಂಗಮ್ಮನ ಮೈ ಅರ್ಧ ಮರ್ತಿತ್ತು. ಆಕಿ ಉಳಿತಾಳೋ ಇಲ್ಲೋ ನನಗ ಗೊತ್ತಿಲ್ಲ. ಆದರ ಒಂದೂ ಸೂಜಿ ಕಾಣದ ಹುಡುಗನಕಿಂತ ಆಕಿ ಉಳಿಯೂ ಆಸೆ ಹೆಚ್ಚದ. ಈ ರೋಗ ಉಸಿರಿನಾಗ, ಕೆಮ್ಮಿನಾಗ ಹಬ್ಬತದ. ಇಲ್ಲಿ ಇನ್ನೂ ಸೂಜಿ ವಯಸ್ಸಿಗಿ ಬರದ ಹಸಗೂಸು ಅದಾವ. ಅವಕ್ಕ ನಾವು ಸೂಜಿ ಹಾಕಾಕ ಬರಂಗಿಲ್ಲ. ದೊಡ್ಡ ಮಕ್ಕಳಿಗಿ ಹತ್ತದಿದ್ರ ಆ ಕೂಸುಗಳ ಹತ್ರ ರೋಗ ಹೋಗಂಗಿಲ್ಲ.”

ಕೆಲವರು ತಲೆಯಾಡಿಸಿದರು. ಆದರೆ ಯಾರೂ ಮುಂದೆ ಬರಲಿಲ್ಲ. ಒಬ್ಬ ಹೆಂಗಸು, “ಈಗ ಹಾಕಿದ್ರ ಜ್ವರ ಬರ್ತದೇನು?” ಎಂದಳು.

“ಬರಬಹುದು” ಎಂದೆ. ಹೇಳಿದ ಕೂಡಲೇ ಎಲ್ಲ ಕೆಟ್ಟಿತೇನೋ ಎನಿಸಿತು.

ಆಗ ಗುಂಪಿನ ಹಿಂದಿನಿಂದ ಪರಿಚಯದ ದನಿಯೊಂದು ಬಂತು. ಹುಲಿಗೆಮ್ಮ! ಅವಳ ಮಗಳನ್ನು ಆ ದೊಡ್ಡಿಗೇ ಕೊಟ್ಟಿದ್ದರು. ಮಗಳ ಬಾಣಂತನಕ್ಕೆಂದು ಗಬ್ಬೂರಿನಿಂದ ಬಂದಿದ್ದಳು.

“ಈಕಿ ಜ್ವರ ಬರ್ತದ ಅಂದ್ರ ಬರ್ತದ, ಇಳಿತದ ಅಂದ್ರ ಇಳಿತದ” ಎಂದಳು. “ನಾ ಈಕಿ ಕೂಡ ಬಸ್ ಸ್ಟ್ಯಾಂಡದಾಗ ಜಗಳಾಡಿದಾಕಿ. ಮಾರನೆ ದಿನ ಡಾಕ್ಟರನ್ನ ಕರ್ಕೊಂಡು ಮನಿಗಿ ಬಂದ್ಲು. ಓಡಿ ಹೋಗಲಿಲ್ಲ. ಆ ನನ್ನ ಮೊಮ್ಮಗ ಈಗ ಸಾಲಿಗಿ ಹೋಗ್ತಾನ.”

ಮಾರೆಪ್ಪ ಒಳಗೆ ಹೋಗಿ ತನ್ನ ಸಣ್ಣ ಮಗನನ್ನು ಎತ್ತಿಕೊಂಡು ಬಂದ. ಅವನ ಹಿಂದೆ ಉಳಿದವರು ಬಂದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು ಎಂದುಕೊಂಡು ಡಬ್ಬಿ ಮುಚ್ಚುವಾಗ, ಮಗನನ್ನು ಕಳೆದುಕೊಂಡ ಆ ತಾಯಿ ಬಂದಳು. ಕಂಕುಳಲ್ಲಿ ಎರಡು ವರ್ಷದ ಹೆಣ್ಣು ಮಗು. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ತಾನು ಗೋಡೆಗೆ ಒರಗಿ ನಿಂತಳು. ನರ್ಸಮ್ಮ ಡಬ್ಬಿ ಮತ್ತೆ ತೆಗೆದು ಆ ಮಗುವಿಗೆ ಸೂಜಿ ಹಾಕಿದಳು. ಅಂಥ ತಾಯಿಯ ಮುಂದೆ ಏನು ಹೇಳಬೇಕೆಂದು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ, ಈಗಲೂ ಗೊತ್ತಿಲ್ಲ. ಮರುದಿನ, ಅದರ ಮರುದಿನವೂ ಅವಳ ಮನೆಗೆ ಹೋಗಿ ಮಗುವಿನ ಹಣೆ ಮುಟ್ಟಿ ನೋಡಿ ಬಂದೆ. ಅಷ್ಟೇ ನನ್ನಿಂದ ಆದದ್ದು.

ರಂಗಮ್ಮ ಉಳಿದಳು. ರಾಯಚೂರಿನ ಆಸ್ಪತ್ರೆಯಲ್ಲಿ ಅವಳಿಗೆ ರೋಗದ ವಿಷ ಮುರಿಯುವ ಮದ್ದು ಕೊಟ್ಟಿದ್ದರು. ನೋಡಲು ಹೋದಾಗ ಮಾರೆಪ್ಪ ವರಾಂಡದಲ್ಲಿ ನನ್ನನ್ನು ಕೂರಿಸಿಕೊಂಡು, “ಇಂಥಾ ಛಲೋ ಮದ್ದು ಇದ್ದಾಗ ಊರಾಗ ಇದನ್ನ ಕೊಟ್ರ ಆಗಂಗಿಲ್ಲೇನ್ರಿ?” ಎಂದು ಕೇಳಿದ.

“ಇದು ಸುಗ್ಗಿಗಿ ಕರ್ಕೊಂಡು ಬಂದ ಕೂಲಿ ಆಳು ಇದ್ದಂಗ. ಕೆಲಸ ಮಾಡಿ ಹೋಗಿ ಬಿಡ್ತದ, ಮೈಯಾಗ ಉಳಿಯಂಗಿಲ್ಲ. ತಡಾ ಆದ್ರ ಬಂದೂ ಉಪಯೋಗಿಲ್ಲ. ಸೂಜಿ ಆದರ ಮನಿ ಆಳನ್ನ ತಯಾರು ಮಾಡ್ತದ” ಎಂದೆ. ಅವನು ಸ್ವತಃ ಕೂಲಿಗೆ ಹೋಗುವವನು. ತಲೆದೂಗಿದ. ಆಮೇಲಿನ ವರ್ಷಗಳಲ್ಲಿ ಬೆಂಗಳೂರಿಗೆ ಹೊರಡುವ ಮೊದಲು ದೊಡ್ಡಿಯವರು ನರ್ಸಮ್ಮನನ್ನು ಹುಡುಕಿಕೊಂಡು ಬರುತ್ತಿದ್ದರು. ರಂಗಮ್ಮನ ದನಿ ಮಾತ್ರ ತಿಂಗಳುಗಟ್ಟಲೆ ಒಡಕಾಗಿತ್ತು. ಅದೇ ದನಿಯಲ್ಲಿ ನನ್ನ ಮುಂದೆ ಪದ್ಯ ಹೇಳಿದ್ದಳು.

ಈಗ ಕೆಲಸದ ರೀತಿ ಬಹಳ ಬದಲಾಗಿದೆ. ಮೂರು ರೋಗಕ್ಕಿದ್ದ ಸೂಜಿಗೆ ಇನ್ನೂ ಎರಡು ಸೇರಿ ಐದಕ್ಕೆ ಒಂದೇ ಆಗಿದೆ. ಮೈಕು ಕಟ್ಟಿದ ಆಟೋದ ಬದಲು ಫೋನಿಗೇ ಸಂದೇಶ ಹೋಗುತ್ತದೆ. ಬದಲಾಗದೆ ಉಳಿದದ್ದು ಐಸ್ ಡಬ್ಬಿ. ನಮ್ಮ ಸೀಮೆಯ ಬಿಸಿಲಿಗೆ ಲಸಿಕೆಯನ್ನು ತಣ್ಣಗೆ ಇಡದಿದ್ದರೆ ಅದು ಬರೀ ನೀರು ಚುಚ್ಚಿದ ಹಾಗೆ. ರಾಯಚೂರಿನ ಹತ್ತಿರದ ಮಟಮಾರಿಯಲ್ಲಿ ಒಮ್ಮೆ ಆ ಡಬ್ಬಿ ನೋಡಿ ಅಂಗನವಾಡಿಯ ಮಕ್ಕಳೆಲ್ಲ “ಐಸ್ ಕ್ಯಾಂಡಿ ಬಂತು” ಎಂದು ಕುಣಿಯುತ್ತ ಓಡಿಬಂದವು. ಮುಚ್ಚಳ ತೆಗೆದಾಗ ಬಂದದ್ದು ಸೂಜಿ. ಅವತ್ತಿನ ಅಳು ಊರಾಚೆಗೂ ಕೇಳಿರಬೇಕು. ಮುಂದಿನ ಸಲ ನರ್ಸಮ್ಮ ತನ್ನ ಖರ್ಚಿನಲ್ಲಿ ಪೆಪ್ಪರಮಿಂಟ್ ತಂದಿದ್ದಳು, ಆದರೂ ಆ ಮಕ್ಕಳು ಅವಳನ್ನು ನಂಬಲಿಲ್ಲ.

ಫೋನಿನಿಂದ ಕಷ್ಟವೂ ಬಂತು. ಅದನ್ನು ಕಂಡದ್ದು ಮಾನ್ವಿಯಲ್ಲಿ. ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಸೂಜಿಯನ್ನು ಒಂಬತ್ತು ತಿಂಗಳ ಕೂಸಿನಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರಿಗೂ ಹಾಕುವ ಅಭಿಯಾನ ಬಂದಾಗ, ಈ ಸೂಜಿ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಓಡಾಡಿತು. ಪಾಲಕರ ಸಭೆಗಳಲ್ಲಿ ನಾನು ಎಷ್ಟು ಹೇಳಿದರೂ, “ಫೋನಿನ್ಯಾಗ ಡಾಕ್ಟರೇ ಹೇಳ್ಯಾರಲ್ರಿ” ಎನ್ನುತ್ತಿದ್ದರು.

ಮಾನ್ವಿಯಲ್ಲಿ ನನಗೆ ಹತ್ತಿರವಾಗಿದ್ದ ಒಂದು ಮನೆಯ ಸಂಗತಿ ಇಲ್ಲಿ ಹೇಳಬೇಕು. ಅಕ್ಕಿ ಗಿರಣಿಯವರ ಮನೆ. ಹಣೆತುಂಬ ವಿಭೂತಿಯ ಅಮರಮ್ಮ ಮನೆಯ ಹಿರಿಯರು. ಪೂಜೆ ಮುಗಿಸದೆ ನೀರು ಮುಟ್ಟದವರು, ನಮ್ಮ ಶಿಬಿರ ಎಲ್ಲೇ ನಡೆದರೂ ಊಟ ಕಳಿಸಿಕೊಡುವವರು. ಅವರ ಸೊಸೆ ಗಿರಿಜಾ ಹೆಚ್ಚು ಮಾತಿನವಳಲ್ಲ. ಅವಳ ಮಗ ವಿರೂಪಾಕ್ಷನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಒಂದು ಕಣ್ಣಿಗೆ ಹಸುಗೂಸಿನಲ್ಲೇ ಪೊರೆಯ ಆಪರೇಷನ್ ಆಗಿತ್ತು. ಅಮರಮ್ಮನಿಗೆ ಮೊಮ್ಮಗನೆಂದರೆ ಜೀವ. ಆದರೆ ಜನ ಏನಾದರೂ ಅಂದಾರೆಂದು ಮದುವೆ ಮುಂಜಿಗೆ ಕರೆದೊಯ್ಯುತ್ತಿರಲಿಲ್ಲ.

ಅಭಿಯಾನಕ್ಕಿಂತ ಒಂದೂವರೆ ವರ್ಷ ಹಿಂದೆ ಗಿರಿಜಾ ಎರಡನೆಯ ಸಲ ಗರ್ಭಿಣಿಯಾಗಿದ್ದಳು. ಚಹ ಕುಡಿಯಲು ಹೋದ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, “ಇದೂ ಹಂಗ ಹುಟ್ಟತದೇನ್ರಿ ಮೇಡಂ?” ಎಂದು ಕೇಳಿದಳು.

ಮೊದಲ ಬಸಿರಿನಲ್ಲಿ ಏನಾದರೂ ಆಗಿತ್ತೇ ಎಂದೆ. ಎರಡು ತಿಂಗಳಿದ್ದಾಗ ಸಣ್ಣ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದು ಮೂರು ದಿನಕ್ಕೆ ಹೋಗಿತ್ತಂತೆ. ಅದನ್ನು ಯಾರೂ ಬೇನೆಯೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನು ಅವಳನ್ನು ರಾಯಚೂರಿನ ಒಬ್ಬ ಹೆಣ್ಣು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿ ಅವರು ವಿವರಿಸಿದರು. ಆಗ ಬಂದದ್ದು ರುಬೆಲ್ಲಾ ಇದ್ದಿರಬೇಕು. ದೊಡ್ಡವರಿಗೆ ಅದು ಏನೂ ಅಲ್ಲ, ಹೊಟ್ಟೆಯೊಳಗಿನ ಎಳೆಯ ಕೂಸಿಗೆ ಮಾತ್ರ ಬಹಳ ಕೆಟ್ಟದ್ದು. ಒಮ್ಮೆ ಬಂದುಹೋದ ಮೇಲೆ ಮೈ ಅದನ್ನು ಗುರುತಿಟ್ಟುಕೊಳ್ಳುತ್ತದೆ, ಆದ್ದರಿಂದ ಈ ಕೂಸಿಗೆ ಅದರ ಭಯವಿಲ್ಲ. ಬರುವಾಗ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಅತ್ತಳು. ಮಗ ಹಾಗೆ ಹುಟ್ಟಿದ್ದು ತನ್ನ ಪಾಪದಿಂದ ಎಂದು ಅಷ್ಟು ವರ್ಷ ನಂಬಿದ್ದಳು ಎಂಬುದು ನನಗೆ ಆಗ ತಿಳಿಯಿತು. ತಿಂಗಳು ತುಂಬಿ ಹೆಣ್ಣು ಕೂಸು ಹುಟ್ಟಿತು. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿಬೀಳುವ ಕೂಸು.

ಅಭಿಯಾನದ ವೇಳೆ ಗಿರಣಿಯ ಹತ್ತಿರದ ಶಾಲೆಯಲ್ಲಿ ನಡೆದ ಸಭೆಗೆ ಅಮರಮ್ಮ ಬಂದು ಮುಂದೆ ಕೂತಿದ್ದರು. ಜೊತೆಗೆ ಗಿರಿಜಾ. ನಾನು ಹೇಳುವುದೆಲ್ಲ ಹೇಳಿದೆ. ಅದೇ ಫೋನು, ಅದೇ ಮಾತು ಮತ್ತೆ ಬಂತು. ನನಗೂ ದಣಿವಾಗಿತ್ತು. ಆಗ ಗಿರಿಜಾ ಎದ್ದು ನಿಂತಳು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನನ್ನ ಮಗನ್ನ ನೀವು ಭಾಳ ಮಂದಿ ನೋಡಿಲ್ಲ” ಎಂದಳು. “ಅಂವಗ ಕಿವಿ ಕೇಳಂಗಿಲ್ಲ. ನಾ ಎರಡು ತಿಂಗಳ ಬಸರಿದ್ದಾಗ ನನಗ ಇದ ಬ್ಯಾನಿ ಬಂದಿತ್ತು. ನನ್ನ ಮೈಯೇನೋ ಪಾಠ ಕಲೀತು. ಆ ಪಾಠಕ್ಕ ನನ್ನ ಮಗನ ಕಿವಿ ಹೋತು. ಸಣ್ಣಾಕಿದ್ದಾಗ ನನಗ ಈ ಸೂಜಿ ಯಾರಾರ ಹಾಕಿದ್ರ ಹಂಗ ಆಗ್ತಿದ್ದಿಲ್ಲ. ನಿಮ್ಮ ಹೆಣ್ಣುಮಕ್ಕಳಿಗಿ ಮುಂದ ಛಲೋ ಮಕ್ಕಳಾಗಲಿ ಅಂತನ ಇದನ್ನ ಹಾಕಾಕತ್ಯಾರ.”

ಮನೆಯ ಮಾತನ್ನು ಸೊಸೆ ಊರ ಮುಂದೆ ಇಟ್ಟಳು. ಎಲ್ಲರೂ ಅಮರಮ್ಮನ ಕಡೆ ನೋಡಿದರು. ನನಗೂ ಅಳುಕಾಯಿತು. ಅವರು ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹೆಡ್‌ಮಾಸ್ತರರ ಕಡೆ ತಿರುಗಿ, “ನಾಳಿಗಿ ನಮ್ಮ ಹುಡುಗನ್ನ ಕರ್ಕೊಂಡು ಬರ್ತೀನ್ರಿ. ಅವನಿಗೇ ಮದ್ಲ ಹಾಕ್ರಿ” ಎಂದರು.

ಮರುದಿನ ಬೆಳಿಗ್ಗೆ ಅಮರಮ್ಮ ಮೊಮ್ಮಗನ ಕೈ ಹಿಡಿದು ಬಜಾರಿನ ನಡುವೆಯೇ ನಡೆಸಿಕೊಂಡು ಬಂದರು. ಹಿಂದೆ ಗಿರಿಜಾ, ತೋಳಲ್ಲಿ ಹೆಣ್ಣು ಕೂಸು. ಶಾಲೆಯ ಅಂಗಳದಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಪಾಲಕರು ಮಕ್ಕಳೊಂದಿಗೆ ನಿಂತಿದ್ದರು. ವಿರೂಪಾಕ್ಷ ಹತ್ತು ವರ್ಷದ ಹುಡುಗ, ದಪ್ಪ ಕನ್ನಡಕ. ಸೂಜಿಗೆ ತೋಳು ಕೊಟ್ಟು ಅಳದೆ ಕೂತ. ನರ್ಸಮ್ಮ ಅವನ ಎಡಗೈ ಹೆಬ್ಬೆರಳಿಗೆ ಶಾಯಿಯ ಗುರುತು ಹಾಕಿದಳು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

ಆಮೇಲೆ ತಂಗಿಯ ಸರದಿ. ಹುಡುಗ ತಾಯಿಗೆ ಸನ್ನೆ ಮಾಡಿ ಕೂಸನ್ನು ತಾನೇ ತೊಡೆಯ ಮೇಲೆ ತೆಗೆದುಕೊಂಡ. ಸೂಜಿ ಚುಚ್ಚಿದ ಕೂಡಲೇ ಕೂಸು ಬಾಯಿ ಅಗಲಿಸಿ ಅತ್ತಿತು. ಆ ಅಳು ಅವನಿಗೆ ಕೇಳುವಂತಿರಲಿಲ್ಲ. ಅವನ ಅಂಗೈ ಅವಳ ಬೆನ್ನ ಮೇಲಿತ್ತು, ಅಲ್ಲಿಂದಲೇ ತಿಳಿದುಕೊಂಡ. ಕೂಸಿನ ಎದೆಯ ಏರಿಳಿತ ನಿಲ್ಲುವವರೆಗೂ ಮೆಲ್ಲಗೆ ತಟ್ಟುತ್ತಲೇ ಇದ್ದ. ಅದು ಸುಮ್ಮನಾದ ಮೇಲೆ, ಶಾಯಿ ಹಚ್ಚಿದ ಅದರ ಪುಟ್ಟ ಹೆಬ್ಬೆರಳನ್ನು ಹಿಡಿದು ತನ್ನ ಹೆಬ್ಬೆರಳಿನ ಪಕ್ಕಕ್ಕೆ ಇಟ್ಟುಕೊಂಡು, ಎರಡೂ ಒಂದೇ ಎಂದು ಅಜ್ಜಿಗೆ ತೋರಿಸಿದ.